ಆರು ತಿಂಗಳಿಗೆ ಒಂದು ದಿನ ಕಡಿಮೆ

"ಐದು ತಿಂಗಳು ಇಪ್ಪತ್ತೊಂಬತ್ತು ದಿನ. ಅಷ್ಟಕ್ಕೆ ಅರ್ಜಿ ಹಾಕು ಧಾರಿಣಿ. ಅದರ ಮೇಲೆ ಒಂದು ದಿನವೂ ಬೇಡ," ಎಂದರು ಚಂದ್ರಕಾಂತರು, ಕೆಂಪು ಪೆನ್ಸಿಲಿನಿಂದ ಕಾಗದದ ಮೇಲೆ ಗೀಟು ಎಳೆಯುತ್ತಾ.

ಧಾರಿಣಿಗೆ ನಗು ಬಂತು. ಬ್ರಿಟನ್ ಸರ್ಕಾರದ ವೀಸಾ ನಿಯಮಗಳನ್ನು ನಲವತ್ತು ಪುಟ ಪ್ರಿಂಟ್ ತೆಗೆಸಿ, ದಾರ ಪೋಣಿಸಿ ಕಟ್ಟಿ, ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡು ಓದುವವರು ಇಡೀ ಘಾಜಿಯಾಬಾದಿನಲ್ಲಿ ತನ್ನ ಅಪ್ಪ ಒಬ್ಬರೇ ಇದ್ದಾರು ಎಂದುಕೊಂಡಳು. ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು ಅವರು. ಮೂವತ್ತೈದು ವರ್ಷ ಬೇರೆಯವರಿಗೆ ನಿಯಮ ತೋರಿಸಿದ ಕೈ ನಿವೃತ್ತಿಯಾಗಿ ಹದಿನಾಲ್ಕು ವರ್ಷವಾದರೂ ಸುಮ್ಮನಿರುತ್ತಿರಲಿಲ್ಲ. ಮಗಳ ವೀಸಾ ಅರ್ಜಿ ಸಿಕ್ಕಮೇಲಂತೂ ಅವರಿಗೆ ಹತ್ತು ವರ್ಷ ವಯಸ್ಸು ಇಳಿದಂತಾಗಿತ್ತು.

ಧಾರಿಣಿ ಉತ್ತರ ದೆಹಲಿಯ ಕಾಲೇಜೊಂದರಲ್ಲಿ ಹದಿನಾರು ವರ್ಷದಿಂದ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಅವಳ ಸಂಶೋಧನೆ ಸಾಮೆ, ನವಣೆ, ಊದಲು, ಕೊರಲೆಯಂಥ ಕಿರುಧಾನ್ಯಗಳ ಮೇಲೆ. ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ, ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡಿಕೊಂಡು ಬಂದ ಹಳೆಯ ಸಂಗ್ರಹವಿತ್ತು. ನೂರು ವರ್ಷದ ಹಿಂದೆ ಯಾರೋ ಅಧಿಕಾರಿ ಚಿತ್ರದುರ್ಗದ ಸೀಮೆಯ ಹೊಲಗಳಿಂದ ಒಯ್ದ ಎರಡು ಸಾವಿರ ಹಾಳೆಗಳು ಅದರಲ್ಲಿದ್ದವು. ಪ್ರತಿ ಹಾಳೆಯ ಕೆಳಗೂ ಲ್ಯಾಟಿನ್ ಹೆಸರು. ಅದರ ಕೆಳಗೆ, ಆ ಅಧಿಕಾರಿಯ ಜೊತೆ ಹೊಲ ಸುತ್ತಿದ ಊರಿನವನೊಬ್ಬ ಪೆನ್ಸಿಲಿನಲ್ಲಿ ಬರೆದ ಕನ್ನಡದ ಸಾಲು. ಅಲ್ಲಿನವರ ಕಣ್ಣಿಗೆ ಅದು ಬರೀ ಗೀಚು. ಅಂಥದೊಂದು ಹಾಳೆಯ ಫೋಟೋ ಯಾರ ಯಾರದೋ ಕೈ ದಾಟಿ ಧಾರಿಣಿಗೆ ಬಂದಾಗ ಅವಳು ಓದಿದ್ದಳು: 'ಕರಿ ಸಾಮೆ. ಮಳೆ ಹಿಂದಾದರೂ ಕೈಬಿಡದು.' ಅದರ ಅರ್ಥ ಬರೆದು ಕಳಿಸಿದ್ದೇ ತಡ, ಹನ್ನೊಂದು ತಿಂಗಳು ಇಲ್ಲಿಗೇ ಬಂದು ನಿಮ್ಮ ಸಂಶೋಧನೆ ಮಾಡಿಕೊಳ್ಳಿ ಎಂದು ಅಲ್ಲಿನ ಪ್ರಾಧ್ಯಾಪಕರು ಕರೆದರು.

ಹೀಗೆ ಹೋಗುವ ಅಧ್ಯಾಪಕರಿಗಾಗಿ ಅಲ್ಲಿನ ನಿಯಮದಲ್ಲಿ ಒಂದು ದಾರಿ ಇತ್ತು. ತನ್ನ ದೇಶದಲ್ಲಿ ಕೆಲಸದಲ್ಲಿರಬೇಕು, ರಜೆಯ ಮೇಲೆ ಬರಬೇಕು, ತನ್ನದೇ ಸಂಶೋಧನೆ ಮಾಡಬೇಕು, ಅಲ್ಲಿ ನೌಕರಿ ಹಿಡಿಯಬಾರದು, ಮುಗಿಸಿ ತಿರುಗಿ ಬರಬೇಕು. ಇಷ್ಟಿದ್ದರೆ ಹನ್ನೆರಡು ತಿಂಗಳವರೆಗೆ ಇರಬಹುದು. ಕಾಲೇಜಿನಿಂದ ರಜೆಯ ಆದೇಶ ಪಡೆಯಲು ನಾಲ್ಕು ತಿಂಗಳು ಓಡಾಡಿದ್ದಾಗಿತ್ತು. ಆ ಪತ್ರಗಳನ್ನೆಲ್ಲ ಬರೆದುಕೊಟ್ಟವರು ಚಂದ್ರಕಾಂತರೇ. ಆಗೆಲ್ಲ ಹನ್ನೊಂದು ತಿಂಗಳ ಬಗ್ಗೆ ಅವರದು ಒಂದು ತಕರಾರೂ ಇರಲಿಲ್ಲ. ಮೇ ತಿಂಗಳ ಈ ಭಾನುವಾರ ಇದ್ದಕ್ಕಿದ್ದಂತೆ ಆರಕ್ಕಿಂತ ಒಂದು ದಿನ ಕಡಿಮೆ ಎಂದು ಹಟ ಹಿಡಿದಿದ್ದರು.

"ಯಾಕಪ್ಪಾ? ಆರು ತಿಂಗಳಲ್ಲಿ ಅರ್ಧ ಹಾಳೆಗಳನ್ನೂ ನೋಡೋಕಾಗಲ್ಲ."

"ಆರು ತಿಂಗಳು ದಾಟಿದರೆ ಕ್ಷಯದ ಸರ್ಟಿಫಿಕೇಟು ಕೇಳ್ತಾರೆ. ಎಕ್ಸ್‌ರೇ, ಡಾಕ್ಟರು, ಅದು ಇದು. ಇಲ್ಲದ ತಾಪತ್ರಯ ಯಾಕೆ ಮೈಮೇಲೆ ಎಳ್ಕೋಬೇಕು?"

"ಒಂದು ಎಕ್ಸ್‌ರೇ ಅಪ್ಪಾ. ಹತ್ತು ನಿಮಿಷದ ಕೆಲಸ."

ಚಂದ್ರಕಾಂತರು ಅದೇ ಗೀಟನ್ನು ಇನ್ನೊಮ್ಮೆ ಎಳೆದರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಸುಶೀಲಮ್ಮ ಬಾಗಿಲವರೆಗೆ ಬಂದು, ಗಂಡನ ಮುಖ ನೋಡಿ, ಒಳಗೆ ಹೋದರು. ಹದಿಮೂರು ವರ್ಷದ ಮೊಮ್ಮಗಳನ್ನು ಅಷ್ಟು ದಿನ ತಾಯಿಯಿಂದ ದೂರ ಇಡುವುದು ಇಬ್ಬರಿಗೂ ಇಷ್ಟವಿಲ್ಲವೇನೋ ಎಂದು ಧಾರಿಣಿ ತಿಳಿದಳು. ಮಗಳು ಕೃತಿ ಮತ್ತು ಗಂಡ ಕಿರಣ್ ದೆಹಲಿಯ ಪೀತಮ್‌ಪುರದ ಮನೆಯಲ್ಲೇ ಉಳಿಯುವವರಿದ್ದರು. ಆ ಮಾತು ಮೂವರೂ ಕೂತು ಎಂದೋ ಬಗೆಹರಿಸಿಕೊಂಡಿದ್ದರು. ಅವಳು ಅಪ್ಪನಿಗೆ ಏನೂ ಹೇಳದೆ ಹನ್ನೊಂದು ತಿಂಗಳೆಂದೇ ಇಟ್ಟುಕೊಂಡಳು.

ವೀಸಾದವರು ಒಪ್ಪಿದ ಕ್ಲಿನಿಕ್ಕಿಗೆ ಅವಳು ಹೋದದ್ದು ಮುಂದಿನ ಬುಧವಾರ. ಅಲ್ಲೊಂದು ಫಾರಂ ತುಂಬಬೇಕಿತ್ತು. ನಿಮಗೆ ಯಾವಾಗಲಾದರೂ ಕ್ಷಯ ಆಗಿತ್ತೇ? ಇಲ್ಲ. ಮನೆಯಲ್ಲಿ ಯಾರಿಗಾದರೂ ಆಗಿತ್ತೇ? ಇಲ್ಲ. ಮೇಲಿನದೆಲ್ಲ ನಿಜವೆಂದು ಸಹಿ ಹಾಕಿದಳು. ಎಕ್ಸ್‌ರೇ ಹತ್ತು ನಿಮಿಷದಲ್ಲೇ ಮುಗಿಯಿತು. ಆದರೆ ಮನೆಗೆ ಕಳಿಸುವ ಬದಲು ಕೂರಲು ಹೇಳಿದರು. ಮುಕ್ಕಾಲು ಗಂಟೆಯ ಮೇಲೆ ವೈದ್ಯೆ ಒಳಗೆ ಕರೆದರು. ನಡುವಯಸ್ಸಿನ, ಅವಸರವಿಲ್ಲದ ಹೆಂಗಸು. ಕಂಪ್ಯೂಟರಿನ ಪರದೆಯಲ್ಲಿ ಧಾರಿಣಿಯ ಎದೆಗೂಡು ಬೂದು ಬಣ್ಣದಲ್ಲಿ ಹರಡಿಕೊಂಡಿತ್ತು.

"ಇಲ್ಲಿ ನೋಡಿ," ಎಂದು ಹಿಂದಿಯಲ್ಲಿ ಹೇಳಿ ವೈದ್ಯೆ ಬಲಭಾಗದ ಮೇಲ್ತುದಿಗೆ ಪೆನ್ನು ಹಿಡಿದರು. ಅಲ್ಲಿ ಉಪ್ಪಿನ ಹರಳಿನಂಥ ಎರಡು ಬಿಳಿ ಚುಕ್ಕೆ, ಅದರ ಸುತ್ತ ಎಳೆ ಎಳೆಯಾದ ಗೆರೆ. "ಹಳೇ ಗಾಯ ಒಣಗಿದ ಗುರುತು ಇದು. ತುಂಬಾ ಹಳೇದು. ಚಿಕ್ಕವರಿದ್ದಾಗ ಏನಾದರೂ ಆಗಿತ್ತಾ?"

"ನನಗೆ ಗೊತ್ತಿರೋ ಹಾಗೆ ಇಲ್ಲ."

"ಮನೇಲಿ ಕೇಳಿ. ಈಗ ನಿಮಗೆ ಕಾಯಿಲೆ ಇದೆ ಅಂತ ನಾನು ಹೇಳ್ತಿಲ್ಲ. ಆದರೆ ನಿಯಮ ಅಂದರೆ ನಿಯಮ. ಗುರುತು ಕಂಡಮೇಲೆ ಮೂರು ದಿನ ಬೆಳಿಗ್ಗೆ ಬೆಳಿಗ್ಗೆ ಕಫ ಕೊಡಬೇಕು. ಅದರಲ್ಲಿ ಏನಾದರೂ ಬೆಳೆಯುತ್ತಾ ಅಂತ ಎಂಟು ವಾರ ಕಾಯಬೇಕು. ಆಮೇಲೆ ಸರ್ಟಿಫಿಕೇಟು."

ಎಂಟು ವಾರ. ಧಾರಿಣಿ ಬೆರಳು ಮಡಿಸಿ ಎಣಿಸಿದಳು. ಜುಲೈ ಕೊನೆ. ಅವಳ ರಜೆ ಶುರುವಾಗುವುದು ಆಗಸ್ಟ್ ಒಂದಕ್ಕೆ. ಸರ್ಟಿಫಿಕೇಟಿಲ್ಲದೆ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ, ಅರ್ಜಿ ಹಾಕಿದ ಮೇಲೆ ಮತ್ತೆ ಮೂರು ವಾರ.

ಆ ಸಂಜೆ ಕಿರಣ್‌ಗೆ ಎಲ್ಲ ಹೇಳಿದಳು. ಫರೀದಾಬಾದಿನ ಕಾರ್ಖಾನೆಯಿಂದ ಅವನು ಆಗ ತಾನೇ ಬಂದು ಶೂ ಬಿಚ್ಚುತ್ತಿದ್ದ. ಎರಡು ಪ್ರಶ್ನೆ ಕೇಳಿದ. ನಿನಗೆ ಕೆಮ್ಮು ಇದೆಯಾ? ಇಲ್ಲ. ಡಾಕ್ಟರು ಮನೆಯವರ ಬಗ್ಗೆ ಏನಾದರೂ ಎಚ್ಚರಿಕೆ ಹೇಳಿದರಾ? ಇಲ್ಲ. "ಚಲೋ, ಹಾಗಾದರೆ ಎಂಟು ವಾರ ತಾನೇ," ಎಂದು ಇನ್ನೊಂದು ಶೂ ಬಿಚ್ಚಿದ. ಅವನ ಸ್ವಭಾವವೇ ಹಾಗೆ. ಯಂತ್ರ ಕೆಟ್ಟರೆ ಮೊದಲು ನಿಲ್ಲಿಸಬೇಕು, ಆಮೇಲೆ ನೋಡಬೇಕು ಎನ್ನುವ ಆಸಾಮಿ.

ಊಟಕ್ಕೆ ಕೂತಾಗ ಧಾರಿಣಿ ತನಗೆ ಅರಿವಿಲ್ಲದೆಯೇ ಮೇಲಿನ ಕಪಾಟಿನಿಂದ ಬೇರೆ ಲೋಟ ತೆಗೆದುಕೊಂಡಳು. ಕೃತಿ ಪಕ್ಕದ ಕುರ್ಚಿಗೆ ಬಂದರೆ, "ನೀನು ಆ ಕಡೆ ಕೂತ್ಕೋ ಪುಟ್ಟಾ," ಎಂದಳು.

"ಕ್ಯೂಂ? ವಾಟ್ ಡಿಡ್ ಐ ಡೂ?" ಎಂದು ಕೃತಿ ಮುಖ ಊದಿಸಿದಳು.

ಆ ಊದಿದ ಮುಖ ನೋಡುತ್ತಿದ್ದಂತೆ ಧಾರಿಣಿಯ ಕೈ ಲೋಟದ ಮೇಲೆಯೇ ನಿಂತಿತು. ಇದನ್ನು ಅವಳು ಎಲ್ಲೋ ಕಂಡಿದ್ದಳು. ಸರ್ಕಾರಿ ಕ್ವಾರ್ಟರ್ಸಿನ ಚಿಕ್ಕ ಅಡುಗೆಮನೆ. ಗೂಡಿನಲ್ಲಿ ಒಂದು ಲೋಟ, ಒಂದು ತಟ್ಟೆ, ಬೇರೆಯಾಗಿ. ಅಮ್ಮ ಊರಿನಿಂದ ಬಂದ ಹೊಸತು. ಓಡಿಹೋಗಿ ಸೆರಗು ಹಿಡಿದರೆ, "ಆ ಕಡೆ ಹೋಗು, ಅಪ್ಪನ ಹತ್ತಿರ ಹೋಗು," ಎಂದು ಅಮ್ಮ ಮುಖ ತಿರುಗಿಸಿದ್ದಳು. ನಾಲ್ಕು ವರ್ಷದ ಧಾರಿಣಿ ಆ ದಿನ ಪಕ್ಕದ ಮೆಹ್ತಾ ಆಂಟಿಯ ಮನೆಗೆ ಹೋಗಿ ಮಂಚದ ಕೆಳಗೆ ಕೂತಿದ್ದಳು.

ಚಿಕ್ಕಮ್ಮನ ಬಾಣಂತನಕ್ಕೆಂದು ಅಮ್ಮ ತನ್ನನ್ನು ದೆಹಲಿಯಲ್ಲೇ ಬಿಟ್ಟು ತೌರೂರು ಹೊಸದುರ್ಗಕ್ಕೆ ಹೋದಳು, ನಾಲ್ಕು ತಿಂಗಳು ಬರಲೇ ಇಲ್ಲ, ಬಂದಮೇಲೂ ಹತ್ತಿರ ಸೇರಿಸಲಿಲ್ಲ. ಧಾರಿಣಿ ತನ್ನ ಬಾಲ್ಯವನ್ನು ನೆನೆದಾಗಲೆಲ್ಲ ಮೊದಲು ಬರುತ್ತಿದ್ದುದು ಇದೇ. ಹದಿನಾರನೇ ವಯಸ್ಸಿನಲ್ಲಿ ಒಮ್ಮೆ ಜಗಳವಾಡುತ್ತಾ, "ನನ್ನನ್ನ ಬಿಟ್ಟು ಹೋದವಳು ನೀನು," ಎಂದು ಮುಖಕ್ಕೇ ಹೇಳಿದ್ದಳು. ಸುಶೀಲಮ್ಮ ಮಡಿಸುತ್ತಿದ್ದ ಬಟ್ಟೆಯನ್ನು ಮಡಿಸುತ್ತಲೇ ಇದ್ದರು. ಆಮೇಲೆ ತಾಯಿ ಮಗಳು ಚೆನ್ನಾಗಿಯೇ ಇದ್ದರು. ಹಬ್ಬಕ್ಕೆ ಹೋಗುವುದು, ಉಪ್ಪಿನಕಾಯಿ ತರುವುದು, ಫೋನು. ಆದರೆ ಎದೆಯಲ್ಲಿದ್ದದ್ದನ್ನು ಹೇಳಿಕೊಳ್ಳುವಾಗ ಧಾರಿಣಿ ಅಪ್ಪನನ್ನೇ ಹುಡುಕುತ್ತಿದ್ದಳು.

ಮರುದಿನ ಅವಳು ಪೀತಮ್‌ಪುರದಲ್ಲಿ ಮೆಟ್ರೋ ಹತ್ತಿದಳು. ಕೊನೆಯ ನಿಲ್ದಾಣದವರೆಗೆ ಒಂದೇ ಗಾಡಿ. ಘಾಜಿಯಾಬಾದಿನಲ್ಲಿ ಇಳಿದು ಇ-ರಿಕ್ಷಾ ಹಿಡಿದು ಅಪ್ಪ ಅಮ್ಮನ ಮನೆ ತಲುಪಿದಾಗ ಹನ್ನೊಂದು ಗಂಟೆ. ಚಂದ್ರಕಾಂತರು ಕೂಲರಿನ ಮುಂದೆ ಪೇಪರು ಓದುತ್ತಿದ್ದರು. ಸುಶೀಲಮ್ಮ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಧಾರಿಣಿ ನೀರು ಕುಡಿದು ಅಮ್ಮನ ಎದುರಿಗೇ ಕೂತಳು.

"ಅಮ್ಮ, ನಾನು ಚಿಕ್ಕವಳಿದ್ದಾಗ ನೀನು ಹೊಸದುರ್ಗಕ್ಕೆ ಹೋಗಿದ್ದೆಯಲ್ಲ, ಎಷ್ಟು ತಿಂಗಳು?"

ಸುಶೀಲಮ್ಮನ ಕೈ ನಿಂತಿತು. ಅವರು ಗಂಡನ ಕಡೆ ನೋಡಿದರು.

"ಅದೀಗ ಯಾಕೆ?" ಎಂದರು ಚಂದ್ರಕಾಂತರು, ಪೇಪರಿನ ಹಿಂದಿನಿಂದ.

"ನಿನ್ನೆ ಎಕ್ಸ್‌ರೇ ಆಯಿತು ಅಪ್ಪಾ. ಹಳೇ ಗಾಯ ಇದೆ ಅಂದರು."

ಪೇಪರು ಮೆಲ್ಲಗೆ ಕೆಳಗಿಳಿಯಿತು. ಅಪ್ಪನ ಮುಖವನ್ನು ಧಾರಿಣಿ ಹಾಗೆ ಯಾವತ್ತೂ ಕಂಡಿರಲಿಲ್ಲ. ದೊಡ್ಡ ಕಡತದಲ್ಲಿ ಎಲ್ಲೋ ತಪ್ಪು ಸಿಕ್ಕಿಬಿದ್ದ ಗುಮಾಸ್ತನ ಮುಖ ಅದು.

"ಹೊಸದುರ್ಗಕ್ಕೆ ಹೋಗಿರಲಿಲ್ಲ ಕಣೇ," ಎಂದರು ಸುಶೀಲಮ್ಮ. "ಇಲ್ಲೇ ಇದ್ದೆ. ಮೆಹ್ರೌಲಿ ಕಡೆಯ ಆಸ್ಪತ್ರೇಲಿ. ನಾಲ್ಕು ತಿಂಗಳು."

"ಸುಶೀಲಾ..." ಎಂದರು ಚಂದ್ರಕಾಂತರು.

"ಇರಲಿ ಬಿಡಿ. ಅವಳ ಎದೇಲೇ ಬರೆದಿದೆಯಂತೆ. ಇನ್ನೇನು ಮುಚ್ಚಿಡೋದು?"

ಹೇಳತೊಡಗಿದ ಮೇಲೆ ಅವರು ನಿಲ್ಲಿಸಲಿಲ್ಲ. ಕೆಮ್ಮು ಶುರುವಾದದ್ದು ಆ ವರ್ಷದ ಚಳಿಯಲ್ಲಿ. ಒಂದು ದಿನ ಕರವಸ್ತ್ರದಲ್ಲಿ ರಕ್ತ. ಆಸ್ಪತ್ರೆಗೆ ಸೇರಿಸಿಕೊಂಡರು. ಆಗ ಚಂದ್ರಕಾಂತರ ತಂಗಿ ಸರಳಾಳಿಗೆ ಗಂಡು ನೋಡಿ ಮಾತುಕತೆ ಮುಗಿಯುವ ಹಂತದಲ್ಲಿತ್ತು. ಅತ್ತಿಗೆಗೆ ಕ್ಷಯ ಎಂದು ತಿಳಿದರೆ ಆ ಸಂಬಂಧ ಉಳಿಯುತ್ತಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಗೊತ್ತಾದರೆ ಮಗುವನ್ನು ಯಾರೂ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ದೆಹಲಿಯವರಿಗೆ ಹೊಸದುರ್ಗಕ್ಕೆ ಹೋಗಿದ್ದಾಳೆ ಎಂದರು, ಹೊಸದುರ್ಗದವರಿಗೆ ದೆಹಲಿಯಲ್ಲೇ ಚೆನ್ನಾಗಿದ್ದಾಳೆ ಎಂದು ಬರೆದರು.

"ಒಂದು ಭಾನುವಾರ ಇವರು ನಿನ್ನನ್ನ ಗೇಟಿನವರೆಗೆ ಕರ್ಕೊಂಡು ಬಂದಿದ್ರು. ನಾನು ಮೇಲಿನ ವರಾಂಡದಲ್ಲಿ ನಿಂತಿದ್ದೆ. ಕೆಂಪು ಸ್ವೆಟರು ಹಾಕಿದ್ದೆ ನೀನು, ಕಡಲೆಕಾಯಿ ತಿಂತಾ ಇದ್ದೆ. ತಲೆ ಎತ್ತಲೇ ಇಲ್ಲ. ಎತ್ತದೇ ಇದ್ದದ್ದೇ ಒಳ್ಳೇದಾಯಿತು ಅನ್ಕೊಂಡೆ. ಎತ್ತಿದ್ರೆ ಅತ್ತುಬಿಡ್ತಿದ್ದೆ."

ಯಾರು ಅಳುತ್ತಿದ್ದರು, ತಾನೇ ಅಥವಾ ಮಗಳೇ, ಎಂಬುದನ್ನು ಸುಶೀಲಮ್ಮ ಬಿಡಿಸಿ ಹೇಳಲಿಲ್ಲ.

"ಮತ್ತೆ ನನಗೆ?"

"ನಾನು ಆಸ್ಪತ್ರೇಲಿ ಇದ್ದಾಗಲೇ ನಿನಗೂ ಸಣ್ಣಗೆ ಜ್ವರ ಬರೋಕೆ ಶುರುವಾಯಿತು. ನನ್ನಿಂದಲೇ ಅಂಟಿದ್ದು. ಒಂಬತ್ತು ತಿಂಗಳು ಮಾತ್ರೆ. ಶಕ್ತಿ ಬರೋ ಮಾತ್ರೆ ಅಂತ ನುಂಗಿಸ್ತಿದ್ವಿ. ಆ ಮಾತ್ರೆಗೆ ಉಚ್ಚೆ ಕೆಂಪಗಾಗ್ತಿತ್ತು. ನೀನು ಹೆದರಿಕೊಂಡು ಅತ್ತರೆ, ಬೀಟ್‌ರೂಟ್ ತಿಂದಿದ್ಯಲ್ಲ ಅದಕ್ಕೇ ಅಂತಿದ್ದೆ. ಅವತ್ತಿಂದ ನೀನು ಬೀಟ್‌ರೂಟ್ ಮುಟ್ಟಿಲ್ಲ."

ಧಾರಿಣಿಗೆ ನಗು ಬಂತು. ಅಮ್ಮ ದೂರ ಇಟ್ಟದ್ದು ಬೇಡವಾಗಿ ಅಲ್ಲ. ಮೂವತ್ತಾರು ವರ್ಷ ತಾನು ಹೊತ್ತು ತಿರುಗಿದ ದೂರು ಅಮ್ಮನ ನಾಲ್ಕು ಮಾತಿಗೆ ಕರಗುವಂಥದಾಗಿತ್ತು. ಆ ನಾಲ್ಕು ಮಾತನ್ನು ಅಮ್ಮ ಆಡಿರಲಿಲ್ಲ. ಮೊದಲು ಬಂದದ್ದು ಸಿಟ್ಟೇ. ಅದು ತಿರುಗಿದ್ದು ಅಪ್ಪನ ಕಡೆಗೆ.

"ನೀವಾದರೂ ಹೇಳಬಹುದಿತ್ತಲ್ಲ ಅಪ್ಪಾ. ಸರಳತ್ತೆಗೆ ಈಗ ಮೊಮ್ಮಕ್ಕಳಿದ್ದಾರೆ. ಇನ್ನೂ ಯಾವ ಸಂಬಂಧ ಮುರಿಯೋದು ಬಾಕಿ ಇತ್ತು? ನಿನ್ನೆ ಮನೇಲಿ ಯಾರಿಗೂ ಆಗಿಲ್ಲ ಅಂತ ಸಹಿ ಹಾಕಿ ಬಂದೆ ನಾನು."

ಚಂದ್ರಕಾಂತರು ಬೆಚ್ಚಿದರು. "ಲಿಖಿತವಾಗಿ?"

"ಲಿಖಿತವಾಗಿ."

ಅವರು ಎದ್ದು ಒಳಕೋಣೆಗೆ ಹೋದರು. ಗೋದ್ರೆಜ್ ಬೀರು ತೆರೆದ ಸದ್ದಾಯಿತು. ಆ ಬೀರುವಿನಲ್ಲಿ ಏನುಂಟು ಏನಿಲ್ಲ! ಎಪ್ಪತ್ತೊಂಬತ್ತರ ಕರೆಂಟ್ ಬಿಲ್ಲಿನಿಂದ ಹಿಡಿದು ಧಾರಿಣಿಯ ಒಂದನೇ ಕ್ಲಾಸಿನ ಅಂಕಪಟ್ಟಿಯವರೆಗೆ, ವರ್ಷದ ಪ್ರಕಾರ, ದಾರ ಕಟ್ಟಿ ಇಟ್ಟಿದ್ದರು. ಧಾರಿಣಿ ಬಾಗಿಲಲ್ಲಿ ಹೋಗಿ ನಿಂತಳು. ಅವರು ಎಂಬತ್ತೆಂಟರ ಕಟ್ಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇದರಲ್ಲಿ ಇಲ್ಲ," ಎಂದರು. "ಆಸ್ಪತ್ರೆ ಕಾಗದ, ಔಷಧಿ ಚೀಟಿ, ನಿನ್ನದು, ಅವಳದು, ಎಲ್ಲ ನಾನೇ ಹರಿದು ಒಲೆಗೆ ಹಾಕಿದೆ. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಒಂದು ಚೂರು ಕಾಗದ ಕಳೆದವನಲ್ಲ ನಾನು. ನಾಶ ಮಾಡಿದ್ದು ಅಂದರೆ ಇದೊಂದೇ. ಆರು ತಿಂಗಳು ದಾಟಿದರೆ ಎಕ್ಸ್‌ರೇ ಅಂತ ಓದಿದಾಗ ನನಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ."

ಧಾರಿಣಿಯ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಮಂಚದ ಮೇಲೆ ಅಪ್ಪನ ಪಕ್ಕ ಕೂತಳು.

"ಈಗಲೂ ಆರು ತಿಂಗಳಿಗೆ ಇಳಿಸಬಹುದು," ಎಂದರು ಅವರು. "ಸರ್ಟಿಫಿಕೇಟು ಬೇಕಾಗಲ್ಲ. ಆಗಸ್ಟ್ ಒಂದಕ್ಕೇ ಹೊರಡಬಹುದು."

"ಇಲ್ಲಪ್ಪ. ಈಗ ನನಗೇ ಗೊತ್ತಾಗಬೇಕು, ಒಳಗೆ ಏನಿದೆ ಅಂತ. ಮತ್ತೆ ಆ ಫಾರಂ ಸರಿ ಮಾಡಬೇಕು."

"ಅದು ಸರಿ," ಎಂದರು ಚಂದ್ರಕಾಂತರು. ಅವರ ಬೆನ್ನು ನೆಟ್ಟಗಾಯಿತು. "ತಪ್ಪು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕಾರ ಆಗಬಹುದು. ಅವರು ಕೇಳೋ ಮೊದಲೇ ನಾವಾಗಿ ತಿದ್ದುಪಡಿ ಕೊಡಬೇಕು. ದಾಖಲೆ ಇಲ್ಲದಿದ್ದರೆ ಹೇಳಿಕೆ ಕೊಡಬೇಕು. ನಾನು ಬರೀತೀನಿ."

ಊಟ ಮುಗಿಸಿ ಅವರು ಮೇಜಿನ ಮುಂದೆ ಕೂತು ಒಂದು ಪುಟ ಬರೆದರು, ಇಂಗ್ಲಿಷಿನಲ್ಲಿ, ದುಂಡಗಿನ ಕಚೇರಿ ಅಕ್ಷರದಲ್ಲಿ. ಸುಶೀಲಮ್ಮ ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತರು.

"ಏನು ಬರೆದಿದ್ದೀರಿ, ಕನ್ನಡದಲ್ಲಿ ಹೇಳಿ."

ಚಂದ್ರಕಾಂತರು ಕನ್ನಡಕ ಸರಿಮಾಡಿಕೊಂಡರು. "ಹತ್ತೊಂಬತ್ತು ನೂರ ಎಂಬತ್ತೆಂಟರಲ್ಲಿ ಕುಟುಂಬದ ಸದಸ್ಯರೊಬ್ಬರು ಶ್ವಾಸಕೋಶಕ್ಕೆ ಸಂಬಂಧಪಟ್ಟ ಅನಾರೋಗ್ಯದ ನಿಮಿತ್ತ ಚಿಕಿತ್ಸೆ ಪಡೆದಿದ್ದು, ತತ್ಸಂಬಂಧ..."

"ಯಾರು ಆ ಸದಸ್ಯರು?"

"ಹಾಗೆ ಬರೆಯೋದು ಕ್ರಮ ಸುಶೀಲಾ."

"ಯಾವ ಕ್ರಮ? ಅನಾರೋಗ್ಯಕ್ಕೆ ಹೆಸರಿಲ್ವಾ? ನನಗೆ ಹೆಸರಿಲ್ವಾ?" ಸುಶೀಲಮ್ಮನ ದನಿ ಏರಲಿಲ್ಲ. "ನನ್ನ ಹೆಸರು ಬರೀರಿ. ಕ್ಷಯ ಅಂತ ಬರೀರಿ. ನಾಲ್ಕು ತಿಂಗಳು ಆಸ್ಪತ್ರೇಲಿದ್ದೆ, ನನ್ನಿಂದ ಮಗೂಗೆ ಬಂತು, ಇಬ್ಬರಿಗೂ ವಾಸಿ ಆಯಿತು. ಇಷ್ಟೇ ತಾನೇ? ಇದಕ್ಕೆ ಅಷ್ಟುದ್ದ ಯಾಕೆ?"

ಚಂದ್ರಕಾಂತರು ಹೆಂಡತಿಯನ್ನೇ ನೋಡಿದರು. ಆಮೇಲೆ ಆ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸದನ್ನು ತೆಗೆದುಕೊಂಡರು. ಈ ಸಲ ಐದೇ ಸಾಲು. ಕೆಳಗೆ ಅವರು ಸಹಿ ಹಾಕಿದರು. ಸುಶೀಲಮ್ಮ ಪೆನ್ನು ಇಸಿದುಕೊಂಡು ಪಕ್ಕದಲ್ಲಿ ತಮ್ಮ ಪೂರ್ತಿ ಹೆಸರನ್ನು ಕನ್ನಡದಲ್ಲಿ ಬರೆದರು. ಬರೆದು ಮುಗಿಸಿ, ಸೊಪ್ಪು ಬಾಡುತ್ತಿದೆ ಎಂದು ಒಳಗೆ ಹೋದರು.

ಕ್ಲಿನಿಕ್ಕಿನ ವೈದ್ಯೆ ಆ ಕಾಗದವನ್ನು ಎರಡು ಸಲ ಓದಿದರು. "ಇಲ್ಲ" ಎಂದಿದ್ದ ಎರಡು ಕಡೆ "ಹೌದು" ಎಂದು ತಿದ್ದಿಸಿ, ಪಕ್ಕದಲ್ಲಿ ಧಾರಿಣಿಯ ಸಹಿ ತೆಗೆದುಕೊಂಡರು. "ಒಳ್ಳೇದು ಮಾಡಿದಿರಿ. ಇಲ್ಲಿಗೆ ಬರೋರಲ್ಲಿ ಎಷ್ಟೋ ಜನಕ್ಕೆ ಮನೇಲಿ ಹೇಳಿರೋದೇ ಇಲ್ಲ," ಎಂದರು. ಮೂರು ದಿನ ಬೆಳಿಗ್ಗೆ ಏಳಕ್ಕೇ ಹೋಗಿ ಧಾರಿಣಿ ಕಫದ ಡಬ್ಬಿ ತುಂಬಿಸಿಕೊಟ್ಟು ಬಂದಳು. ಅಲ್ಲಿಂದ ಮುಂದೆ ಮಾಡಲು ಏನೂ ಇರಲಿಲ್ಲ, ಕಾಯುವುದೊಂದನ್ನು ಬಿಟ್ಟು.

ಆ ಜೂನಿನ ಬಿಸಿಲು ನಲವತ್ತೈದು ಡಿಗ್ರಿ ದಾಟಿತು. ಕಾಲೇಜಿಗೆ ರಜೆ. ಬ್ರಿಟನ್ನಿನ ಪ್ರಾಧ್ಯಾಪಕರಿಗೆ ಧಾರಿಣಿ ಇದ್ದದ್ದು ಇದ್ದಂತೆ ಬರೆದಳು. ಹಾಳೆಗಳು ನೂರು ವರ್ಷ ಕಾದಿವೆ, ಇನ್ನೊಂದು ತಿಂಗಳು ಕಾಯುತ್ತವೆ ಎಂದು ಉತ್ತರ ಬಂತು. ಕಾಲೇಜಿನಲ್ಲಿ ಅಷ್ಟು ಸುಲಭವಾಗಲಿಲ್ಲ. ಬದಲಿ ಅಧ್ಯಾಪಕಿಯನ್ನು ಆಗಸ್ಟ್ ಒಂದರಿಂದ ಗೊತ್ತುಮಾಡಿಯಾಗಿತ್ತು. ರಜೆಯ ಆದೇಶದಲ್ಲಿ ತಾರೀಖು ಬದಲಿಸಲು ಆಗುವುದಿಲ್ಲ ಎಂದು ಆಡಳಿತ ವಿಭಾಗದವರು ಕೈಯಲ್ಲಾಡಿಸಿದರು. ಚಂದ್ರಕಾಂತರು ಅದಕ್ಕೆ ಒಂದು ಅರ್ಜಿ ಬರೆದರು. ರಜೆಯ ಅವಧಿ ಅಷ್ಟೇ ಇದ್ದು ಆರಂಭದ ದಿನ ಮಾತ್ರ ಮುಂದಕ್ಕೆ ಹೋದರೆ ಹೊಸ ಆದೇಶ ಬೇಡ, ತಿದ್ದುಪಡಿಯ ಒಂದು ಸಾಲು ಸಾಕು ಎಂದು ವಿವರಿಸಿದರು. ಆಗಸ್ಟ್ ತಿಂಗಳು ಧಾರಿಣಿ ಎಂದಿನಂತೆ ಪಾಠ ಮಾಡುವುದು, ಬದಲಿಯವರು ಸೆಪ್ಟೆಂಬರಿನಿಂದ ಬರುವುದು ಎಂದು ಪ್ರಿನ್ಸಿಪಾಲರು ಕೊನೆಗೆ ಒಪ್ಪಿದರು.

ಆ ಎಂಟು ವಾರದಲ್ಲಿ ಧಾರಿಣಿ ಪ್ರತಿ ಭಾನುವಾರವೂ ಘಾಜಿಯಾಬಾದಿಗೆ ಹೋದಳು. ಹಿಂದೆ ಹೋದಾಗ ಅಪ್ಪನ ಕುರ್ಚಿಯ ಪಕ್ಕ ಕೂರುತ್ತಿದ್ದವಳು ಈಗ ಅಡುಗೆಮನೆಯ ಕಟ್ಟೆ ಹತ್ತಿ ಕೂರುತ್ತಿದ್ದಳು. ಸುಶೀಲಮ್ಮ ಕಂತು ಕಂತಾಗಿ ಹೇಳುತ್ತಿದ್ದರು. ವಾರ್ಡಿನಲ್ಲಿದ್ದ ಗಢ್‌ವಾಲ್ ಬೆಟ್ಟದ ಕಡೆಯ ಹೆಂಗಸು ತನಗೆ ಹಿಂದಿ ಕಲಿಸಿದ್ದು. ದಿನಾ ಚುಚ್ಚಿಸಿಕೊಂಡು ಸೊಂಟ ಕಲ್ಲಾದದ್ದು. ಮೆಹ್ತಾ ಆಂಟಿಗೆ ಎಲ್ಲ ಗೊತ್ತಿತ್ತು, ಆದರೂ ಗೊತ್ತಿಲ್ಲದವರ ಹಾಗೆ ಮಗುವನ್ನು ಸಾಕಿದ್ದು. "ಆ ಹೆಂಗಸಿನ ಋಣ ತೀರಿಸೋಕಾಗಲ್ಲ," ಎಂದು ಹೇಳಿ ಒಮ್ಮೆ ಕಣ್ಣೊರೆಸಿಕೊಂಡರು. ಹದಿನಾರನೇ ವಯಸ್ಸಿನಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಧಾರಿಣಿ ಎರಡು ಮೂರು ಸಲ ಬಾಯಿ ತೆರೆದಳು. ಮೂರನೇ ಸಲ ಸುಶೀಲಮ್ಮ, "ಆ ಕೊಬ್ಬರಿ ತುರಿದುಕೊಡು ಮೊದಲು," ಎಂದರು. ತುರಿಯುತ್ತಾ ತುರಿಯುತ್ತಾ ಕೇಳಿದಳು. "ಹೂಂ," ಎಂದರು ಅಮ್ಮ. ಅಷ್ಟಕ್ಕೇ ಅದು ಮುಗಿಯಿತು.

ಜುಲೈ ಕೊನೆಯ ವಾರ ಕ್ಲಿನಿಕ್ಕಿನಿಂದ ಫೋನು ಬಂತು. ಏನೂ ಬೆಳೆದಿಲ್ಲ. ಕಾಯಿಲೆ ಇಲ್ಲ, ಇರುವುದು ಗುರುತು ಮಾತ್ರ. ಸರ್ಟಿಫಿಕೇಟು ತೆಗೆದುಕೊಂಡ ದಿನವೇ ಅವಳು ಅರ್ಜಿ ಸಲ್ಲಿಸಿ, ಎರಡು ದಿನದ ಮೇಲೆ ಬೆರಳಚ್ಚು ಕೊಟ್ಟು ಬಂದಳು. ಆಗಸ್ಟ್ ಇಪ್ಪತ್ಮೂರಕ್ಕೆ ಪಾಸ್‌ಪೋರ್ಟು ವೀಸಾ ಹೊತ್ತು ವಾಪಸಾಯಿತು. ಕಿರಣ್ ಅದನ್ನು ಬೆಳಕಿಗೆ ಹಿಡಿದು ತಾರೀಖುಗಳನ್ನು ಓದಿ, "ಪಕ್ಕಾ," ಎಂದ.

ಹೊರಡುವ ಹಿಂದಿನ ಭಾನುವಾರ ಎಲ್ಲರೂ ಘಾಜಿಯಾಬಾದಿನಲ್ಲಿ ಊಟಕ್ಕೆ ಸೇರಿದ್ದರು. ಊಟ ಮುಗಿಯುವ ಹೊತ್ತಿಗೆ ಎದುರು ಫ್ಲ್ಯಾಟಿನ ತ್ಯಾಗಿ ಆಂಟಿ ಬಾಗಿಲು ತಟ್ಟಿದರು. ಧಾರಿಣಿಗೆ ಶುಭ ಹೇಳಿ ಹೋಗಲು ಬಂದವರು.

"ಆಗಸ್ಟ್ ಒಂದಕ್ಕೇ ಹೋಗ್ತಾಳೆ ಅಂದಿದ್ದಿರಲ್ಲ, ತಡ ಯಾಕಾಯ್ತು?" ಎಂದು ಅವರು ಹಿಂದಿಯಲ್ಲಿ ಕೇಳಿದರು.

"ಕಾಗಜ್ ಕಾ ಕಾಮ್ ಥಾ," ಕಾಗದಪತ್ರದ ಕೆಲಸ ಇತ್ತು ಎಂದು ಚಂದ್ರಕಾಂತರು ಥಟ್ಟನೆ ಹೇಳಿದರು.

ಸುಶೀಲಮ್ಮ ತಟ್ಟೆ ಎತ್ತುತ್ತಿದ್ದವರು ನಿಂತರು. "ನಹೀಂ ಜೀ. ಮುಝೇ ಟಿ.ಬಿ. ಹುವಾ ಥಾ. ಬಹುತ್ ಪಹಲೇ. ಇಸ್‌ಕೋ ಭೀ ಹುವಾ ಥಾ, ಛೋಟಾ ಥಾ ತಬ್." ತನಗೆ ಬಹಳ ಹಿಂದೆ ಕ್ಷಯ ಆಗಿತ್ತು, ಚಿಕ್ಕವಳಿದ್ದಾಗ ಇವಳಿಗೂ ಆಗಿತ್ತು ಎಂದರು, ತಮ್ಮದೇ ಹಿಂದಿಯಲ್ಲಿ.

"ಹುಯೀ ಥೀ, ಅಜ್ಜಿ," ಎಂದು ಕೃತಿ ಹಪ್ಪಳ ಕಡಿಯುತ್ತಾ ವ್ಯಾಕರಣ ತಿದ್ದಿದಳು. "ಔರ್ ಅಮ್ಮ ಛೋಟೀ ಥೀ."

ಯಾರೂ ನಗಲಿಲ್ಲ. ಚಂದ್ರಕಾಂತರು ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ಬೆರಳಿನಿಂದ ಒತ್ತರಿಸುತ್ತಾ ಕೂತರು. ತ್ಯಾಗಿ ಆಂಟಿ, "ಅಚ್ಛಾ," ಎಂದರು. ಬಾಗಿಲ ಹತ್ತಿರ ಹೋದವರು ಮತ್ತೆ ತಿರುಗಿ ಬಂದು ಸುಶೀಲಮ್ಮನ ಹತ್ತಿರ ನಿಂತು ದನಿ ತಗ್ಗಿಸಿದರು.

"ಎಷ್ಟು ದಿನದಲ್ಲಿ ವಾಸಿಯಾಯ್ತು ನಿಮಗೆ?"

ಅವರ ಸೊಸೆ ಒಂದೂವರೆ ತಿಂಗಳಿಂದ ಕೆಮ್ಮುತ್ತಿದ್ದಳು. ಸಂಜೆಯಾದರೆ ಜ್ವರ. ತೌರಿನವರಿಗೆ ಹೇಳಿರಲಿಲ್ಲ, ಡಾಕ್ಟರಿಗೆ ತೋರಿಸಿರಲಿಲ್ಲ, ಧೂಳಿಗೆ ಬಂದದ್ದು ಎಂದುಕೊಂಡು ಕಷಾಯ ಕೊಡುತ್ತಿದ್ದರು. ಸುಶೀಲಮ್ಮ ತಟ್ಟೆಯನ್ನು ಧಾರಿಣಿಯ ಕೈಗೆ ಕೊಟ್ಟು, ಕೈ ಕೂಡ ತೊಳೆಯದೆ ತ್ಯಾಗಿ ಆಂಟಿಯ ಜೊತೆ ಎದುರುಮನೆಗೆ ಹೋದರು. ಅವರ ತಪ್ಪು ಲಿಂಗದ ಹಿಂದಿ ಎರಡು ಬಾಗಿಲು ದಾಟಿ ಅರ್ಧ ಗಂಟೆ, ಧಾರಿಣಿಯವರ ಕ್ಯಾಬ್ ಬರುವವರೆಗೂ, ಕೇಳಿಸುತ್ತಿತ್ತು.

ಮಂಗಳವಾರ ಮಧ್ಯಾಹ್ನ ಧಾರಿಣಿಯ ವಿಮಾನ. ಚಂದ್ರಕಾಂತರು ಬೆಳಿಗ್ಗೆಯೇ ಮೆಟ್ರೋದಲ್ಲಿ ಪೀತಮ್‌ಪುರಕ್ಕೆ ಬಂದರು, ಒಬ್ಬರೇ. ಕೈಯಲ್ಲಿ ಒಂದು ಫೈಲು. ಅದರಲ್ಲಿ ರಜೆಯ ಆದೇಶ, ತಿದ್ದುಪಡಿ, ಆಹ್ವಾನ ಪತ್ರ, ಸರ್ಟಿಫಿಕೇಟು, ಕೊನೆಯಲ್ಲಿ ಸುಶೀಲಮ್ಮ ಸಹಿ ಹಾಕಿದ ಆ ಕಾಗದದ ನಕಲು.

"ಅಮ್ಮ ಎಲ್ಲಿ?" ಎಂದಳು ಧಾರಿಣಿ.

"ತ್ಯಾಗಿಯವರ ಸೊಸೆ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದಾಳೆ. ಇವತ್ತೇ ಕಫ ತೆಗೆದುಕೊಳ್ಳೋ ದಿನವಂತೆ. ಆ ಹುಡುಗಿ ಒಬ್ಬಳೇ ಹೋಗೋಕೆ ಹೆದರ್ತಿದ್ದಾಳೆ."

ಸೂಟ್‌ಕೇಸು ಕ್ಯಾಬಿಗೆ ಏರಿಸುವಾಗ ಫೋನು ಬಂತು. ಹಿಂದೆ ಜನರ ಗಲಾಟೆ, ಯಾರೋ ನಂಬರು ಕೂಗುತ್ತಿದ್ದರು.

"ಸಾಲಿನಲ್ಲಿ ನಿಂತಿದ್ದೀವಿ ಕಣೇ, ಇನ್ನೂ ಎಂಟು ಜನ ಇದ್ದಾರೆ," ಎಂದರು ಸುಶೀಲಮ್ಮ. "ಬರೋಕಾಗಲಿಲ್ಲ, ಬೇಜಾರು ಮಾಡ್ಕೋಬೇಡ."

"ಇಲ್ಲಮ್ಮ. ನೀನು ಅಲ್ಲೇ ಇರು."

"ತಲುಪಿದ ತಕ್ಷಣ ಫೋನ್ ಮಾಡು. ಬಿಸಿ ಬಿಸಿ ತಿನ್ನು. ಹೂಂ, ಸಾಲು ಮುಂದೆ ಹೋಯಿತು, ಇಡ್ತೀನಿ."

ಧಾರಿಣಿ ಫೋನು ಚೀಲಕ್ಕೆ ಹಾಕಿ ಕೃತಿಯನ್ನು ಬಿಗಿಯಾಗಿ ಅಪ್ಪಿಕೊಂಡಳು, ಅವಳು ಸಾಕು ಎನ್ನುವವರೆಗೆ. ಆಮೇಲೆ ಕ್ಯಾಬು ಹತ್ತಿದಳು.